ನೀರುಗಂಟಿಯ ಹೆಂಡತಿಯೂ ಮೂರು ಡಂಗುರಗಳೂ

ಹಿಂದಿನವರಿಗೂ ಹಿಂದಿನ ಕಾಲದಲ್ಲಿ, ಏಳು ಕೆರೆಗಳ ಆಚೆ ಒಂದು ಊರಿತ್ತಂತೆ. ಆ ಊರಿನ ಕೆರೆಗೆ ಮುದ್ದ ಎಂಬವನು ನೀರುಗಂಟಿ. ತೂಬು ತೆರೆದು ಮುಚ್ಚುವುದು ಅವನ ಕೆಲಸ. ಅವನ ಹೆಂಡತಿ ದ್ಯಾವೀರಿ.

ಒಂದು ಮಳೆಗಾಲದ ಮಧ್ಯಾಹ್ನ ಅವಳು ಗಂಡನಿಗೆ ಅಂಬಲಿ ಒಯ್ದಾಗ ನೀರು ಏರಿಯ ತಲೆ ಮುಟ್ಟಿತ್ತಂತೆ. ತೂಬು ಎತ್ತುವ ಮುನ್ನ ಕೆರೆಯಮ್ಮನಿಗೆ ಪೂಜೆ ಮಾಡುವುದು ರೂಢಿ. ಅದಕ್ಕೆ ಹೊತ್ತಿರಲಿಲ್ಲ. ಅವಳ ಕಣ್ಣೆದುರೇ ಮುದ್ದ ತೂಬು ಎತ್ತಿದ. ನೀರು ನುಗ್ಗಿ ಗೌಡನ ಗದ್ದೆ ಮುಳುಗಿತು, ಏರಿ ಒಡೆಯದೆ ನಿಂತಿತು, ಊರು ಉಳಿಯಿತು.

ಆ ಊರಿನಲ್ಲಿ ಡಂಗುರ ಸಾರುವವರು ಮೂವರಂತೆ. ಒಬ್ಬ ಅರಮನೆಯ ಅನ್ನ ಉಣ್ಣುವವನು, ಒಬ್ಬ ಗೌಡನದು, ಒಬ್ಬ ಗುಡಿಯದು. ಸಂಜೆಗೆ ಮೂವರೂ ಹೊರಟರು.

"ದೊರೆಯ ಪುಣ್ಯದಿಂದ ಏರಿ ನಿಂತಿತು!"

"ಮುದ್ದ ಹಗೆಯಿಂದ ಗೌಡರ ಬೆಳೆ ಮುಳುಗಿಸಿದ!"

"ಪೂಜೆಯಿಲ್ಲದೆ ತೂಬು ಎತ್ತಿ ಅಮ್ಮನನ್ನು ಕೆಣಕಿದ!"

ಮರುದಿನ ಮುದ್ದನನ್ನು ಕಟ್ಟಿ ಒಯ್ದರು. ಮೂರನೆಯ ದಿನ ಶೂಲಕ್ಕೇರಿಸುವುದೆಂದು ಗೊತ್ತಾಯಿತು.

ದ್ಯಾವೀರಿ ದೊರೆಯ ಮುಂದೆ ನಿಂತಳಂತೆ.

"ಬುದ್ಧಿ, ತೂಬು ಎತ್ತಿದಾಗ ಎಲ್ಲಿದ್ದಿರೆಂದು ಈ ಮೂವರನ್ನೂ ಕೇಳಿ."

ಒಬ್ಬ ಅರಮನೆಯಲ್ಲಿದ್ದನಂತೆ, ಒಬ್ಬ ಗೌಡನ ಜಗುಲಿಯಲ್ಲಿ, ಒಬ್ಬ ಗುಡಿಯಲ್ಲಿ.

"ಏರಿಯ ಮೇಲೆ ಒಬ್ಬನೂ ಇರಲಿಲ್ಲ, ಬುದ್ಧಿ. ಏರಿ ನಿಂತದ್ದು ನಿಜ, ಬೆಳೆ ಹೋದದ್ದು ನಿಜ, ಪೂಜೆ ಆಗದ್ದೂ ನಿಜ. ಒಬ್ಬೊಬ್ಬನೂ ತನ್ನ ಒಡೆಯನಿಗೆ ಒಗ್ಗುವ ಚೂರನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿದ. ಮೂರನ್ನೂ ಕೂಡಿಸಿ ನೋಡಿ. ನನ್ನ ಗಂಡ ಕಾದಿದ್ದರೆ ಇಂದು ನೀವೂ ಇಲ್ಲ, ನಾವೂ ಇಲ್ಲ."

ದೊರೆ ಒಪ್ಪಿದನಂತೆ. "ಮುದ್ದನದು ತಪ್ಪಿಲ್ಲ. ಹಾಗೆಂದು ಸಾರಿ ಬನ್ನಿ."

ಸಾರುವವರು ಬೇರೆ ಯಾರಿದ್ದರು? ಆ ಮೂವರೇ ಹೋದರು.

"ದೊರೆಯ ಕರುಣೆ! ಪಾಪಿಗೂ ಪ್ರಾಣದಾನ!"

"ಗೌಡರು ದೊಡ್ಡ ಮನಸ್ಸಿನಿಂದ ಹಗೆಯವನನ್ನು ಬಿಟ್ಟರು!"

"ಅವನ ಶಿಕ್ಷೆಯನ್ನು ಅಮ್ಮನೇ ನೋಡಿಕೊಳ್ಳುತ್ತಾಳೆ!"

ಮುದ್ದ ಮನೆಗೆ ಬಂದ. ಬೀದಿಯಲ್ಲಿ ಯಾರೂ ಮುಖ ಕೊಡಲಿಲ್ಲ. ದ್ಯಾವೀರಿ ಬಾವಿಕಟ್ಟೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದಳಂತೆ. ನೆರೆಮನೆಯ ಚೆನ್ನಿ ಕೊಡ ಎತ್ತುತ್ತ ನಕ್ಕಳು.

"ನೀನು ಅವನ ಹೆಂಡ್ತಿ ಕಣೇ, ಇನ್ನೇನು ಹೇಳ್ತೀಯ? ಯಾವ ಡಂಗುರದವ ಹಾಗಂದ, ಅದನ್ನ ಹೇಳು."

ದ್ಯಾವೀರಿ ತನ್ನ ಕೊಡ ತುಂಬಿಕೊಂಡು ಮನೆಗೆ ನಡೆದಳಂತೆ.

ಏಳನೆಯ ದಿನ ಏರಿಯ ಕೆಳಗೆ ಮುದ್ದನ ಹೆಣ ಸಿಕ್ಕಿತು, ತಲೆಯಲ್ಲಿ ಕಲ್ಲೇಟಿನ ಗಾಯ. ಮೂವರೂ ಆ ಸಾವನ್ನು ಸಾರಿದರು. ಕೊಲೆ ಎಂದು ಒಬ್ಬನೂ ಸಾರಲಿಲ್ಲ.

ದ್ಯಾವೀರಿ ಊರು ಬಿಟ್ಟಳಂತೆ. ಅವಳು ಹೋದ ದಾರಿ ನಾವು ಕಾಣೆವು. ಹೇಳಿದ ಬಾಯಿ ಇಲ್ಲಿಗೆ ಸುಮ್ಮನಾಯಿತು, ಕೇಳಿದವರು ಎದ್ದು ಮನೆ ಸೇರಿ.