ಅರಸರ ವಾಲುವ ಕಾರು

ಮೈಸೂರಿನ ದೇಪರಾಜೇ ಅರಸರ ಹಳೇ ಕಾರು ಎಡಕ್ಕೆ ವಾಲುತ್ತಿತ್ತು. ಡ್ರೈವರ್ ಪುಟ್ಟಮಾದ ಹಿಂದಿನ ಗಾಲಿಗಳ ಮೇಲೆ ಕಾರಿನ ಭಾರ ಹೊರುವ ಕಮಾನು ಪಟ್ಟಿಗಳನ್ನು ಬಿಚ್ಚಿ, ಬಡಿದು, ಮತ್ತೆ ಕಟ್ಟಿ ಸೋತುಹೋಗಿದ್ದ. ಪಟ್ಟಿಗಳದೇನೂ ತಪ್ಪಿರಲಿಲ್ಲ. ಅರಸರದು ಆನೆಯಂಥ ಮೈ, ಕೂರುವುದು ಯಾವಾಗಲೂ ಎಡಗಡೆಯ ಕಿಟಕಿ ಪಕ್ಕ. ಅದನ್ನು ಬಾಯಿಬಿಟ್ಟು ಹೇಳಿದವನ ಅನ್ನ ಅಂದಿಗೇ ಮುಗಿದಂತೆ.

“ನಾಳೆ ಹಳೇ ಕಾರುಗಳ ಮೆರವಣಿಗೆ. ಕೂದಲೆಳೆಯಷ್ಟು ವಾಲಿದರೂ ನಿನಗೆ ಕೆಲಸವಿಲ್ಲ,” ಎಂದರು ಅರಸರು.

ಪುಟ್ಟಮಾದನಿಗೆ ಮತ್ತೆ ಕಾರಿನಡಿ ನುಸುಳುವ ತ್ರಾಣವಿರಲಿಲ್ಲ. ಬೆಳಿಗ್ಗೆ ಹಿಂದಿನ ಸೀಟಿನ ನಟ್ಟನಡುವೆ ರತ್ನಗಂಬಳಿ ಹಾಸಿ, ಎರಡೂ ಕಡೆ ದಿಂಬಿಟ್ಟು ಕೈಮುಗಿದು ನಿಂತ.

“ಇದೇನೋ ಇದು?”

“ಕಿಟಕಿ ಪಕ್ಕ ಗುಮಾಸ್ತರು ಕೂರ್ತಾರೆ, ಬುದ್ಧಿ. ಸಿಂಹಾಸನ ಯಾವತ್ತಾದ್ರೂ ಮೂಲೇಲಿ ಇರ್ತದಾ?”

ಅರಸರು ಮೀಸೆ ತಿರುವಿದರು. ಹೋಗಿ ನಡುವೆ ಕೂತರು. ಕಾರು ಸಮನಾಗಿ ನಿಂತಿತು. ದಾರಿಯುದ್ದಕ್ಕೂ ಅವರು ಎರಡೂ ಕಡೆಯ ಜನಕ್ಕೆ ಕೈಬೀಸಿದ್ದೇ ಬೀಸಿದ್ದು.

ಇಳಿಯುವಾಗ ಬೀಗುತ್ತಾ ಹೇಳಿದರು: “ನೋಡಿದೆಯಾ? ನಾನು ಗದರಿದ ಮೇಲೇ ನೀನು ಸರಿಯಾಗಿ ರಿಪೇರಿ ಮಾಡಿದ್ದು!”

“ಹೌದು ಬುದ್ಧಿ. ತಮ್ಮ ತೂಕವೇ ಅಂಥದ್ದು,” ಎಂದ ಪುಟ್ಟಮಾದ, ಮರದ ನೆರಳಿಗೆ ಹೋಗಿ ಕಾಲು ಚಾಚಿ ಕಣ್ಣು ಮುಚ್ಚಿದ.