ಬೀಗ ಬಿದ್ದ ಔಷಧಶಾಲೆ

"ಕೇಳಿರಪ್ಪೋ ಕೇಳಿ! ಅರಮನೆಯ ಔಷಧಶಾಲೆಯ ಒಡೆತನ ಬೇಕೆನ್ನುವವರು ರಾಣಿ ಹೊನ್ನಲದೇವಿಯ ಮೂರು ಒಗಟು ಬಿಡಿಸಬೇಕು. ತಪ್ಪು ಹೇಳಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಹೊಂಗಲಗಡದ ಅಗಸೆಬಾಗಿಲಲ್ಲಿ ಹೀಗೆ ಡಂಗುರ ಸಾರಿದರು. ರಾಣಿಯ ಒಬ್ಬನೇ ಮಗ ವೈದ್ಯನ ಮದ್ದು ಕುಡಿದೇ ತೀರಿಕೊಂಡಿದ್ದ. ಅಂದಿನಿಂದ ಔಷಧಶಾಲೆಗೆ ಬೀಗ ಬಿದ್ದಿತ್ತು.

ಡಂಗುರ ಕೇಳಿದವರಲ್ಲಿ ಅಂಬಿಗರ ಕೇತನೂ ಒಬ್ಬ. ಚಿಕ್ಕಂದಿನಲ್ಲೇ ಬೆಟ್ಟದ ಗವಿಯ ಗುರುವನ್ನು ಸೇರಿ ಮದ್ದು ಮಾಡುವ ವಿದ್ಯೆಗೆ ಬಿದ್ದವನು. ಬೇರು ಅರೆಯಬೇಕು, ಕಷಾಯ ಬತ್ತಿಸಬೇಕು, ಲೋಹ ಸುಟ್ಟು ಭಸ್ಮ ಮಾಡಬೇಕು; ಕೆಟ್ಟರೆ ಚೆಲ್ಲಿ ಮತ್ತೆ ಮೊದಲಿನಿಂದ. ಓರಗೆಯವರು ಮಕ್ಕಳನ್ನು ಎತ್ತಿ ಆಡಿಸುವಾಗ ಇವನು ಒಲೆಯ ಮುಂದೆ ಕೂತಿದ್ದ. ಅವ್ವ ಸತ್ತ ಸುದ್ದಿ ಮುಟ್ಟುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. ಗುರುವೂ ಹೋದ ಮೇಲೆ ಮಾತಾಡಲು ಯಾರೂ ಉಳಿಯಲಿಲ್ಲ. ತನ್ನ ದನಿಯೇ ತನಗೆ ಮರೆತಂತಾಗಿ ಕೇತ ಬೆಟ್ಟ ಇಳಿದಿದ್ದ.

ಸಭೆಯಲ್ಲಿ ಒಗಟು ಬಿಡಿಸಲು ಮುಂದೆ ಬಂದವರು ಮೂವರೇ. ರಾಣಿ ಕೇಳಿದಳು: "ಒಂದೇ ಬೇರು, ಒಂದೇ ರಸ. ಅಣ್ಣ ಕುಡಿದು ಎದ್ದು ಕೂತ, ತಮ್ಮ ಕುಡಿದು ಸತ್ತ. ನಡುವೆ ನಿಂತವರು ಯಾರು?"

"ವಿಧಿ," ಎಂದ ಮುಂದಿದ್ದ ಪಂಡಿತ. ಭಟರು ಅವನನ್ನು ಸೆರೆಗೆ ಎಳೆದೊಯ್ದರು.

"ಅಳತೆ, ತಾಯಿ," ಎಂದ ಕೇತ ಮೆಲ್ಲಗೆ. "ಮಿತದಲ್ಲಿ ಮದ್ದು, ಮೀರಿದರೆ ವಿಷ."

"ಕಳ್ಳ ಮನೆ ಹೊಕ್ಕು ಒಳಗಿನಿಂದ ಬೀಗ ಹಾಕಿದ್ದಾನೆ. ಬಾಗಿಲು ಒಡೆದರೆ ಮನೆಯೇ ಬೀಳುತ್ತದೆ. ಏನು ಮಾಡುವುದು?" ಎಂದು ರಾಣಿ ಎರಡನೆಯ ಒಗಟು ಒಡ್ಡಿದಳು.

"ಹಸಿದು ಹೊರಬರುವ ತನಕ ಕಾಯುವುದು," ಎಂದ ವೈದ್ಯರ ಮನೆತನದ ಗಂಗರಸ.

"ಅಷ್ಟರಲ್ಲಿ ಮನೆಯವರೂ ಸಾಯುತ್ತಾರೆ," ಎಂದಳು ರಾಣಿ. ಅವನೂ ಸೆರೆಗೆ ಹೋದ.

"ಆ ಬೀಗಕ್ಕೇ ಕೂರುವ ಕೀಲಿಕೈ ಮಾಡಬೇಕು," ಎಂದ ಕೇತ. "ಮನೆ ಎಂದರೆ ಮೈ, ಕಳ್ಳ ರೋಗ, ಕೀಲಿಕೈ ಮದ್ದು."

ಈಗ ಅವನೊಬ್ಬನೇ ನಿಂತಿದ್ದ.

"ಕಲಿಯುವವನ ಜೊತೆ ದಿನವೂ ಉಣ್ಣುತ್ತಾನೆ, ಅವನ ಚಾಪೆಯಲ್ಲೇ ಮಲಗುತ್ತಾನೆ. ಅವನ ಹೆಸರನ್ನು ಯಾರೂ ಹೇಳಿಕೊಳ್ಳರು, ಅವನಿಲ್ಲದೆ ಯಾರೂ ಕಲಿತಿಲ್ಲ. ಯಾರವನು?"

ಕೇತ ಮನಸ್ಸಿನಲ್ಲೇ ಹುಡುಕಿದ. ಗುರುವೇ? ಗುರುವಿನ ಹೆಸರನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹಾಗಾದರೆ ಆ ಗವಿಯಲ್ಲಿ ನನ್ನ ಜೊತೆಗೆ ಇದ್ದವರಾದರೂ ಯಾರು? ಸೀದ ಮಡಕೆಗಳು, ಚೆಲ್ಲಿದ ಕಷಾಯದ ವಾಸನೆ ನೆನಪಾದವು.

"ಸೋಲು, ತಾಯಿ. ಬೆಟ್ಟದಲ್ಲಿ ನನಗಿದ್ದ ಗೆಳೆಯ ಅವನೊಬ್ಬನೇ."

ರಾಣಿಯ ಕಣ್ಣು ತುಂಬಿತು. "ನನ್ನ ಮಗನಿಗೆ ಮದ್ದು ಕೊಟ್ಟವನು ತಾನು ಎಂದೂ ಸೋತೇ ಇಲ್ಲ ಎಂದಿದ್ದನಪ್ಪ. ಶಾಲೆ ನಿನ್ನದು. ಇನ್ನೇನು ಬೇಕು ಕೇಳು."

"ಸೆರೆಯಲ್ಲಿರುವವರನ್ನು ನನ್ನ ಜೊತೆ ಕಳಿಸಿಕೊಡಿ."

"ನಿನ್ನ ಎದುರಾಳಿಗಳನ್ನೇ?"

"ಇಂದು ಸೋತಿದ್ದಾರೆ, ಇನ್ನು ಕಲಿತಾರು. ಒಬ್ಬನೇ ಕಲಿತು ನನಗೂ ಸಾಕಾಗಿದೆ, ತಾಯಿ."

ಔಷಧಶಾಲೆಯ ಬೀಗ ತೆಗೆದ ದಿನ ಪಂಡಿತನ ಹಿಂದೆ ಗಂಗರಸ ತಲೆ ತಗ್ಗಿಸಿಕೊಂಡೇ ಒಳಗೆ ಬಂದ. ಒಂದು ಬೇರನ್ನು ಕೈಗೆತ್ತಿಕೊಂಡು ಕೇಳಿದ: "ಇದನ್ನು ಹಾಲಲ್ಲಿ ಬೇಯಿಸುವುದೋ, ನೀರಲ್ಲೋ?"

ಕೇತನಿಗೆ ಉತ್ತರ ಗೊತ್ತಿತ್ತು. ಆದರೂ ಒಲೆಯ ಮೇಲೆ ಎರಡು ಮಡಕೆ ಇಟ್ಟ.

"ಬಾ, ಕೂತುಕೋ," ಎಂದ. "ಎರಡರಲ್ಲೂ ಬೇಯಿಸಿ ನೋಡೋಣ."