ಬೆರಳ ಸಂದಿಯ ಪಾಯಸ

ಮದುವೆ ಮನೆಯ ಪಾಯಸದ ಬಕೆಟ್ಟಿನಲ್ಲಿ ಎರಡು ಸೌಟುಗಳಿದ್ದವು. ಒಂದು ಹಳೆಯ ಹಿತ್ತಾಳೆಯದು, ಇನ್ನೊಂದು ಹೊಸ ಸ್ಟೀಲಿನದು. ಎರಡನೆಯ ಸಲ ಬಡಿಸುವಾಗ ಸ್ಟೀಲಿನ ಸೌಟು ಗಂಡಿನ ದೊಡ್ಡಪ್ಪ ಚೆನ್ನವೀರಪ್ಪನವರ ಎಲೆಯ ಮುಂದೆ ಬಾಗಿತು. ಅವರು ಎಲೆಗೆ ಕೈ ಅಡ್ಡ ಹಿಡಿದು, "ಸಾಕು, ಸಾಕು" ಎಂದರು. ಸೌಟು ವಿನಯದಿಂದ ಪಕ್ಕದ ಎಲೆಗೆ ಹೋಯಿತು.

ದೊಡ್ಡಪ್ಪನ ಮುಖ ಗಂಟಿಕ್ಕಿತು. "ಹೆಣ್ಣಿನ ಕಡೆಯವರದು ಬಡಿಸೋ ಕೈ ಬಹಳ ಬಿಗಿ" ಎಂದು ಪಂಕ್ತಿಗೆಲ್ಲ ಕೇಳುವಂತೆ ಗೊಣಗಿ, ಎಲೆ ಮಡಿಸಲು ಹೊರಟರು. ಬೀಗರು ಊಟದ ನಡುವೆ ಎದ್ದರೆ ಮನೆಯ ಮಾನ ಹೋದಂತೆ.

ಹಿತ್ತಾಳೆ ಸೌಟು ಸಿಡುಕಿತು: "ಪೆದ್ದೇ, ಬಾಯಿಮಾತು ಕೇಳಿ ಬಂದುಬಿಟ್ಟೆಯಾ? ಕೈ ನೋಡಬೇಡವೇ? ನಿಜವಾಗಿ ಸಾಕಾದವರು ಬೆರಳು ಕೂಡಿಸಿ ಎಲೆ ಮುಚ್ಚುತ್ತಾರೆ. ಇವರ ಬೆರಳ ಸಂದಿಯಲ್ಲಿ ಎಮ್ಮೆ ಹಾಯ್ದು ಹೋಗಬಹುದು!"

ಹಾಗೆಂದು ತಾನೇ ಹೋಗಿ, ಅವರು ಮತ್ತೆ ಕೈ ಅಡ್ಡ ಹಿಡಿದಾಗ ಆ ಸಂದಿಯಲ್ಲೇ ಪಾಯಸ ಸುರಿಯಿತು. "ಅಯ್ಯಯ್ಯೋ, ಬೇಡ ಅಂದೆನಲ್ಲಾ!" ಎಂದು ದೊಡ್ಡಪ್ಪ ಕೈ ತೆಗೆದು, ಬೆರಳು ನೆಕ್ಕಿ, ಎಲೆಯನ್ನು ಹತ್ತಿರಕ್ಕೆಳೆದುಕೊಂಡರು.

ಬಕೆಟ್ಟಿಗೆ ಮರಳಿದ ಹಿತ್ತಾಳೆ ಸೌಟು ನಿಟ್ಟುಸಿರಿಟ್ಟಿತು. "ನನಗೂ ವಯಸ್ಸಾಯಿತು. ಮುಂದಿನ ಪಂಕ್ತಿಗೆ ನೀನೇ ಬಡಿಸು. ನನಗೆ ಸಾಕಪ್ಪಾ."

ಸ್ಟೀಲಿನ ಸೌಟು ಬಾಯಿ ತೆರೆಯುವ ಮೊದಲು ಹಿತ್ತಾಳೆ ಸೌಟಿನ ಹಿಡಿಯನ್ನು ನೋಡಿತು. ಹಿಡಿ ಆಗಲೇ ಪಂಕ್ತಿಯ ಕಡೆಗೆ ವಾಲಿತ್ತು.

"ನೀವೇ ನಡೆಯಿರಿ, ತಾತ" ಎಂದು ಅದು ಪಕ್ಕಕ್ಕೆ ಸರಿಯಿತು.

"ಅಯ್ಯಯ್ಯೋ, ಬೇಡ ಅಂದೆನಲ್ಲಾ!" ಎನ್ನುತ್ತ ಹಿತ್ತಾಳೆ ಸೌಟು ಬಕೆಟ್ಟಿನಿಂದ ಚಂಗನೆ ಎದ್ದಿತು.